ಕುಂಕುಮ ಹಚ್ಚಿಸಿಕೊಂಡ ವೈಫೈ

ಹೊಳಲ್ಕೆರೆಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಸೀಟಿನ ಅಜ್ಜಿ ನನ್ನ ತೊಡೆಯ ಮೇಲಿದ್ದ ಗಂಟನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಮೆಲ್ಲಗೆ, "ಯಾವ ದೇವರವ್ವಾ?" ಅಂತ ಕೇಳಿದರು.

ಏನು ಹೇಳಲಿ? ಅದು ದೇವರಲ್ಲ, ನಮ್ಮ ಮನೆಯ ಹಳೇ ಕಂಪ್ಯೂಟರಿನ ಸಿಪಿಯು. ಧೂಳು ಕೂರಬಾರದೆಂದು ನಮ್ಮತ್ತೆ ತಮ್ಮ ಹಳೇ ಕೆಂಪು ರೇಷ್ಮೆ ಸೀರೆಯ ಸೆರಗಿನಲ್ಲಿ ಅದಕ್ಕೊಂದು ಅಂಗಿ ಹೊಲಿದಿದ್ದಾರೆ. ಆಯುಧಪೂಜೆಯ ಕುಂಕುಮ ಇನ್ನೂ ಅದರ ಹಣೆಯ ಮೇಲಿತ್ತು. (ಸಿಪಿಯುಗೆ ಹಣೆ ಎಲ್ಲಿದೆ ಅಂತ ಕೇಳಬೇಡಿ. ನಮ್ಮತ್ತೆ ಕುಂಕುಮ ಇಟ್ಟಲ್ಲೇ ಹಣೆ.)

ನಾನು ಬಾಯಿ ಬಿಡುವಷ್ಟರಲ್ಲಿ ಕಂಡಕ್ಟರ್ ಬಂದರು. ನನಗೇನೋ ಫ್ರೀ ಟಿಕೆಟ್, ಆದರೆ ಗಂಟಿಗೆ ಲಗೇಜ್ ಆಗುತ್ತದೆ ಅಂದರು. ಅಜ್ಜಿ ಸುಮ್ಮನಿರಬೇಕಲ್ಲ. ದೇವರಿಗೆ ಯಾರಾದರೂ ಲಗೇಜ್ ಹಾಕುತ್ತಾರೇನಪ್ಪ ಅಂತ ಅವರನ್ನು ತರಾಟೆಗೆ ತೆಗೆದುಕೊಂಡರು. ಕಂಡಕ್ಟರ್ ಕುಂಕುಮ ನೋಡಿದರು, ನನ್ನ ಮುಖ ನೋಡಿದರು, ತಾವೂ ಒಂದು ಸಲ ಕೈ ಎತ್ತಿ ಮುಗಿದು ಮುಂದೆ ಹೋದರು. ದೇವರಿಗೆ ಗಾಳಿ ಆಡಲಿ ಅಂತ ಅಜ್ಜಿ ನನಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟರು.

ಹೊಳಲ್ಕೆರೆ ಬರುವ ತನಕ ನಾನು ತುಟಿ ಪಿಟಕ್ಕೆನ್ನಲಿಲ್ಲ. ನೀವಾಗಿದ್ದರೆ ಹೇಳುತ್ತಿದ್ದಿರಾ?

ಈ ಮೆರವಣಿಗೆ ಯಾಕೆ ಹೊರಟಿತು ಅಂತ ಹೇಳಬೇಕಲ್ಲ. ಹೊಸದುರ್ಗದ ನಮ್ಮ ಮನೆಯಲ್ಲಿ ಎರಡು ಹಳೇ ಕಂಪ್ಯೂಟರ್‌ಗಳಿವೆ. ಒಂದು ಈ ಡೆಸ್ಕ್‌ಟಾಪ್. ನಮ್ಮ ಯಜಮಾನರು ತಮ್ಮ ಪೈಪು, ಮೋಟರಿನ ಅಂಗಡಿಯ ಬಿಲ್ಲಿಗೆಂದು ತಂದದ್ದು. ಅಂಗಡಿಗೆ ಹೊಸದು ಬಂದ ಮೇಲೆ ಇದು ರಿಟೈರ್ ಆಗಿ ಮನೆಗೆ ಬಂತು. ಇನ್ನೊಂದು ನನ್ನ ವಾರಗಿತ್ತಿ ವೀಣಾಳ ಲ್ಯಾಪ್‌ಟಾಪ್. ಅವಳು ಬಿ.ಎಡ್. ಓದುವಾಗ ಅವಳಪ್ಪ ಕೊಡಿಸಿದ್ದು. ಮದುವೆಯಾಗಿ ಬರುವಾಗ ಸೀರೆಗಳ ನಡುವೆ ಇಟ್ಟುಕೊಂಡು ತಂದಳು. ತಂದ ದಿನವೇ ಅದು ಅತ್ತೆಯ ಬೀರು ಸೇರಿತು.

ಕೆಟ್ಟ ಮನಸ್ಸಿನಿಂದ ಅಲ್ಲ. ಬೆಲೆಬಾಳುವ ವಸ್ತು, ಹೊರಗೆ ಬಿದ್ದಿರುವುದು ಯಾಕೆ ಅಂತ ಅತ್ತೆಯ ಲೆಕ್ಕ. ವೀಣಾಳ ವಿಷಯದಲ್ಲೂ ಅದೇ ಲೆಕ್ಕ. ಅವಳು ಬಾಗೂರಿನ ದಾರಿಯ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಹೇಳುತ್ತಿದ್ದವಳು. ಮದುವೆಯಾದ ಮೇಲೂ ಹೋಗುತ್ತೇನೆ ಅಂದಾಗ ಅತ್ತೆ ಅವಳ ತಲೆ ನೇವರಿಸಿ, "ನಮ್ಮನೇಗೆ ಬಂದು ನೀನ್ಯಾಕವ್ವ ಬಸ್ಸಿಗೆ ಕಾಯ್ಬೇಕು? ಗೌರಮ್ಮನಂಗೆ ಕುಂತ್ಕ" ಅಂದಿದ್ದರು. ನೆಂಟರೆಲ್ಲ ಎಂಥ ಅತ್ತೆ ಅಂತ ಹೊಗಳಿದರು. ವೀಣಾ ಗೌರಮ್ಮನ ಹಾಗೆ ಕುಳಿತಳು. (ನೀನೂ ದುಡಿಯುವವಳಲ್ಲವೇ ಅಂತ ಕೇಳುತ್ತೀರಿ. ನಾನು ಬರೆಯುವುದನ್ನು ನಮ್ಮ ಮನೆಯಲ್ಲಿ ಯಾರೂ ಕೆಲಸ ಅಂತ ಲೆಕ್ಕಕ್ಕೇ ಹಿಡಿದಿಲ್ಲ. ಹಾಗಾಗಿ ಬಚಾವ್.)

ದಸರೆ ಮುಗಿದ ವಾರ ವೀಣಾ ನನ್ನನ್ನು ಹಿತ್ತಲಿಗೆ ಕರೆದಳು. ಕೈಯಲ್ಲಿ ಒಗೆಯುವ ಬಟ್ಟೆ, ಮುಖದಲ್ಲಿ ಕಳ್ಳತನ ಮಾಡಿದವರ ಕಳೆ. ಆನ್‌ಲೈನಿನಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ಅರ್ಜಿ ಹಾಕಿದ್ದಾಳಂತೆ. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಡೆಮೊ ಕ್ಲಾಸ್. ಅರ್ಧ ಗಂಟೆ ಪಾಠ ಮಾಡಿ ತೋರಿಸಬೇಕು. ಅವರಿಗೆ ಹಿಡಿಸಿದರೆ ಕೆಲಸ, ಇಲ್ಲವಾದರೆ ಇಲ್ಲ.

"ಅಕ್ಕಾ, ಇದು ತಪ್ಪಿದ್ರೆ ಇನ್ನೊಂದ್ಸಲ ನಾನು ಕೇಳಲ್ಲ. ನಂಗೇ ಧೈರ್ಯ ಇರಲ್ಲ," ಅಂದಳು.

ಆ ಮಾತು ನನಗೆ ಚುರುಕ್ ಅಂತ ನಾಟಿತು. ಗೌರಮ್ಮನ ಹಾಗೆ ಕುಳಿತು ಕುಳಿತು ಹುಡುಗಿಗೆ ತನ್ನ ಕಾಲಿನ ಮೇಲೇ ಅನುಮಾನ ಬಂದುಬಿಟ್ಟಿದೆ. ಅತ್ತೆಗೆ ನಾನೇ ಹೇಳಿದೆ. ಮನೆಯಲ್ಲೇ ಕೂತು ಮಾಡುವ ಕೆಲಸ, ಹೊಸ್ತಿಲು ದಾಟುವುದಿಲ್ಲ ಅಂತ ಒತ್ತಿ ಹೇಳಿದೆ. ಹೊಸ್ತಿಲು ದಾಟದ ಮೇಲೆ ಅದೆಂಥ ಕೆಲಸ ಅಂತ ಅವರಿಗೆ ಅರ್ಥವಾಗಲಿಲ್ಲ. ಅರ್ಥವಾಗದ್ದರಿಂದ ಒಪ್ಪಿಕೊಂಡರು.

ಈಗ ಪ್ರಶ್ನೆ, ಯಾವ ಕಂಪ್ಯೂಟರ್? ಲ್ಯಾಪ್‌ಟಾಪ್ ಬೀರುವಿನಿಂದ ಹೊರಬಂತು. ಆಯುಧಪೂಜೆಗೆ ಹೊರಬಂದಿದ್ದು ಬಿಟ್ಟರೆ ಅದು ಬೆಳಕು ನೋಡಿದ್ದೇ ಇಲ್ಲ. ಕೀಲು ಮುರಿದಿತ್ತು. ಮುಚ್ಚಳ ನೆಟ್ಟಗೆ ನಿಲ್ಲಬೇಕಾದರೆ ಬೆನ್ನಿಗೆ ರಾಗಿ ಹಿಟ್ಟಿನ ಡಬ್ಬಿಯ ಆಸರೆ ಕೊಡಬೇಕು. ಚಾರ್ಜರ್ ಕಿತ್ತರೆ ಅಲ್ಲೇ ಪ್ರಾಣ ಬಿಡುತ್ತದೆ. ಜೊತೆಗೆ ಕೀಬೋರ್ಡಿನಲ್ಲಿ ಏಳರ ಕೀಲಿ ಇಲ್ಲ. ಗಣಿತದ ಟೀಚರಿಗೆ ಏಳಿಲ್ಲದ ಕಂಪ್ಯೂಟರ್! ಏಳು ಬಾರದ ಲೆಕ್ಕಗಳನ್ನೇ ಹೇಳಿಕೊಡು ಅಂತ ನಮ್ಮ ಯಜಮಾನರು ನಗಾಡಿದರು.

ಡೆಸ್ಕ್‌ಟಾಪ್ ಕೈಕಾಲೆಲ್ಲ ನೆಟ್ಟಗಿರುವ ಪ್ರಾಣಿ. ಆದರೆ ಸ್ವಿಚ್ ಹಾಕಿ, ಒಳಗೆ ಹೋಗಿ ಅಕ್ಕಿ ತೊಳೆದು ಒಲೆಗಿಟ್ಟು ಬಂದರೂ ಇನ್ನೂ ಕಣ್ಣುಜ್ಜಿಕೊಳ್ಳುತ್ತಾ ಇರುತ್ತದೆ. ಒಳಗಿನ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಕೂಗುತ್ತದೆ. ಅದಕ್ಕೆ ಸ್ವಂತದ ವೈಫೈ ಇಲ್ಲ, ಹಿಂದೆ ಬೆರಳಿನಷ್ಟು ಉದ್ದದ ಒಂದು ತುಂಡು ಸಿಕ್ಕಿಸಬೇಕು. ಯಜಮಾನರ ವೋಟು ಇದಕ್ಕೇ. ನಮ್ಮ ಮನೆಯದು, ದುಡಿದ ಮಿಷಿನ್ನು, ನಂಬಬಹುದು ಅಂದರು. ವೀಣಾ ಬಾಯಿ ಬಿಟ್ಟು ಹೇಳದಿದ್ದರೂ ಅವಳ ಕೈ ಮಾತ್ರ ಲ್ಯಾಪ್‌ಟಾಪಿನ ಮೇಲೇ ಇತ್ತು.

ಎರಡನ್ನೂ ಹಚ್ಚಿ ನೋಡಿದೆವು. ಎರಡಕ್ಕೂ ವೈಫೈ ಸಿಗಲಿಲ್ಲ. ಒಂದು ಕಡ್ಡಿ ಬರುತ್ತದೆ, ಮಿಣಕ್ ಅನ್ನುತ್ತದೆ, ಹೋಗುತ್ತದೆ. ನನ್ನನ್ನು ಮೊಬೈಲ್ ಕೊಟ್ಟು ಜಗುಲಿಯಲ್ಲಿ ವಿದ್ಯಾರ್ಥಿಯಾಗಿ ಕೂರಿಸಿ ವೀಣಾ ಕಂಪ್ಯೂಟರಿನಲ್ಲಿ ಪಾಠ ಶುರು ಮಾಡಿದರೆ, ಬಾಯಿ ತೆರೆದವಳು ತೆರೆದ ಹಾಗೇ ಕಲ್ಲಾಗುತ್ತಿದ್ದಳು. (ಮೊಬೈಲಿನ ಹಾಟ್‌ಸ್ಪಾಟ್ ಇಲ್ಲವೇ ಅನ್ನುತ್ತೀರಿ. ನಮ್ಮದು ಹಳೇ ಕಾಲದ ಕಲ್ಲಿನ ಗೋಡೆಯ ಮನೆ. ಒಂದು ಫೋನ್ ಮಾಡಬೇಕಾದರೂ ಜಗುಲಿಗೆ ಬಂದು ನಿಲ್ಲಬೇಕು. ಮಾತನಾಡಿದ್ದು ನಮ್ಮ ಬೀದಿಗೆಲ್ಲ ಕೇಳಿಸುತ್ತದೆ.)

ಎರಡು ಕಂಪ್ಯೂಟರಿಗೂ ಒಂದೇ ಕಾಯಿಲೆ ಅಂದರೆ ತಪ್ಪು ಮೂರನೆಯದರಲ್ಲಿ ಇರಬೇಕಲ್ಲವೇ? ಇಷ್ಟು ಲೆಕ್ಕ ಐದನೇ ಕ್ಲಾಸಿನ ಮಕ್ಕಳಿಗೂ ಗೊತ್ತಾಗುತ್ತದೆ. ನಮಗೆ ಗೊತ್ತಾಗಲಿಲ್ಲ. ಹಳೆಯದು ಅಂದ ಕೂಡಲೇ ಎಲ್ಲ ತಪ್ಪನ್ನೂ ಅದರ ತಲೆಗೆ ಕಟ್ಟುವುದು ನಮಗೆ ಅಭ್ಯಾಸ.

ಯಜಮಾನರು ಮೊದಲು ನಮ್ಮ ಮನೆಯ ಖಾಯಂ ಚಿಕಿತ್ಸೆ ಮಾಡಿದರು. ವೈಫೈ ಡಬ್ಬಿ ಇರುವುದು ಬಾಗಿಲ ಬಳಿಯ ಚಪ್ಪಲಿ ಸ್ಟ್ಯಾಂಡಿನ ಮೇಲೆ. ಹಲ್ಲಿ ಬೀಳದಿರಲಿ ಅಂತ ಅದರ ಮೇಲೊಂದು ಪ್ಲಾಸ್ಟಿಕ್ ಬುಟ್ಟಿ ಬೋರಲು, ಬುಟ್ಟಿಯ ಮೇಲೆ ಅತ್ತೆಯ ಕಸೂತಿ ಬಟ್ಟೆ. ಸ್ವಿಚ್ಚು ಸ್ಟ್ಯಾಂಡಿನ ಹಿಂದೆ. ಅಷ್ಟೂ ಚಪ್ಪಲಿ ಸರಿಸಿ ಸೊಂಟ ಬಗ್ಗಿಸುವ ಬದಲು ನಮ್ಮ ಯಜಮಾನರು ಮೀಟರ್ ಬೋರ್ಡಿನ ಹತ್ತಿರ ಹೋಗಿ ಮನೆಯ ಮೇನ್ ಆಫ್ ಮಾಡಿ ಆನ್ ಮಾಡುತ್ತಾರೆ. ಫ್ರಿಜ್ಜು, ಫ್ಯಾನು, ಮಿಕ್ಸಿ ಎಲ್ಲವೂ ಒಂದು ಸಲ ಸತ್ತು ಹುಟ್ಟುತ್ತವೆ. ಅದರ ಜೊತೆ ವೈಫೈಯೂ ಹುಟ್ಟಬೇಕು. ಈ ಸಲ ಹುಟ್ಟಲಿಲ್ಲ.

ಸಹಾಯವಾಣಿಗೆ ಫೋನ್ ಮಾಡಿದೆ. ನಿಮ್ಮ ಲೈನ್ ಸರಿಯಾಗೇ ಇದೆ ಮೇಡಂ, ಡಬ್ಬಿ ಆಫ್ ಮಾಡಿ ಆನ್ ಮಾಡಿ ಅಂದರು. ಊರಿಗೇ ಕತ್ತಲು ಮಾಡಿ ನೋಡಿದ್ದೇವೆ ಅಂದೆ. ಯಜಮಾನರ ಪ್ರಕಾರ ಹಿರಿಯೂರಿನ ಹತ್ತಿರ ಎಲ್ಲೋ ರಸ್ತೆ ಅಗೆದಿರಬೇಕು. ಚಿತ್ರದುರ್ಗದಿಂದ ಬರುವ ವೈರೇ ತುಂಡಾಗಿರಬೇಕು ಅಂತ ಮರುದಿನ ಮಾತು ಬದಲಿಸಿದರು. ಅಂಗಡಿಗೆ ಬಂದವರೆಲ್ಲ ತಲೆಗೊಂದು ಊರಿನ ಹೆಸರು ಹೇಳಿದರು. ನಮ್ಮ ಮನೆಯ ಹೆಸರನ್ನು ಮಾತ್ರ ಯಾರೂ ಹೇಳಲಿಲ್ಲ.

ವೀಣಾಳ ಗಂಡ, ಅಂದರೆ ನನ್ನ ಮೈದುನ ಮಂಜು, ಹೊಳಲ್ಕೆರೆಯಲ್ಲಿ ಕೆಲಸದಲ್ಲಿದ್ದಾನೆ, ಭಾನುವಾರಕ್ಕೆ ಬಂದು ಹೋಗುತ್ತಾನೆ. ಅಲ್ಲೊಬ್ಬರು ಕಂಪ್ಯೂಟರ್ ರಿಪೇರಿಯವರು ತನಗೆ ಪರಿಚಯ, ತಗೊಂಡು ಬನ್ನಿ ಅತ್ತಿಗೆ ಅಂದ. ಹಾಗೆ ಹೊರಟಿತ್ತು ನಮ್ಮ ರೇಷ್ಮೆ ಅಂಗಿಯ ದೇವರು.

ಅಂಗಡಿಯಲ್ಲಿ ಸಿಪಿಯು ಬಿಚ್ಚಿಟ್ಟು ವೈರ್ ಹಾಕಿದ್ದೇ ತಡ, ಅಲ್ಲಿನ ವೈಫೈಯನ್ನು ಲಬಕ್ಕನೆ ಹಿಡಿದುಕೊಂಡಿತು. ಸಿನಿಮಾ ಟ್ರೈಲರ್ ಒಂದು ನಿಲ್ಲದೆ ಓಡಿತು. ಮನೆಯಲ್ಲಿ ರಾತ್ರಿಯಿಡೀ ಕೆಮ್ಮಿದ ಮಕ್ಕಳು ಡಾಕ್ಟರ ಮುಂದೆ ಕೂತಾಗ ಒಂದೇ ಒಂದು ಸಲ ಕೆಮ್ಮುವುದಿಲ್ಲವಲ್ಲ, ಥೇಟ್ ಹಾಗೆ.

"ಮಿಷಿನ್ ಚೆನ್ನಾಗೈತೆ ಅಕ್ಕಾರೆ. ನಿಮ್ಮನೇಲೇ ಏನೋ ಐತೆ ನೋಡ್ರಿ," ಅಂದರು ಅಂಗಡಿಯವರು.

ಶಾಸ್ತ್ರ ಹೇಳುವವರ ಮಾತಿನಂತಿತ್ತು. ನನಗೆ ಸಿಟ್ಟು ಬಂತು. ನಮ್ಮ ಮನೆಯಲ್ಲಿ ಏನಿರುತ್ತದೆ, ಗಾಳಿಯೇ, ಗ್ರಹವೇ? ದೇವರನ್ನು ಮತ್ತೆ ಗಂಟು ಕಟ್ಟಿಕೊಂಡು ಬಂದೆ. (ವಾಪಸ್ ಬರುವ ಬಸ್ಸಿನಲ್ಲಿ ಲಗೇಜ್ ಟಿಕೆಟ್ ಹಾಕಿದರು. ಆ ಕಂಡಕ್ಟರಿಗೆ ಭಕ್ತಿ ಕಡಿಮೆ.)

ಇಷ್ಟರಲ್ಲಿ ವೀಣಾ ಒಂದು ವಿಚಿತ್ರ ಕಂಡುಹಿಡಿದಿದ್ದಳು. ಬೆಳಿಗ್ಗೆ ಅತ್ತೆ ಪೂಜೆಗೆ ಕೂತಾಗ ವೈಫೈ ಬರುತ್ತದೆ. ಸಂಜೆ ದೀಪ ಹಚ್ಚುವಾಗಲೂ ಬರುತ್ತದೆ. ಅತ್ತೆ ಮಂಗಳಾರತಿ ಮುಗಿಸಿ ಏಳುತ್ತಿದ್ದಂತೆ ಹೋಗುತ್ತದೆ. ನಾನು ನಂಬಲಿಲ್ಲ, ಆಮೇಲೆ ನಾನೇ ನಡುಮನೆಯಲ್ಲಿ ವೀಣಾಳ ಪಕ್ಕ ಕೂತು ನೋಡಿದೆ. ನಿಜ.

ಆ ಹೊತ್ತಿಗೆ ಊರವರೆಲ್ಲ ಸ್ನಾನ, ಪೂಜೆ ಅಂತ ಇರುತ್ತಾರೆ, ನೆಟ್ ಖಾಲಿ ಇರುತ್ತದೆ ಅಂದರು ಯಜಮಾನರು. ವೀಣಾ ಮಾತ್ರ ಕೈ ಮುಗಿದು, ಕೆಲಸ ಸಿಕ್ಕಿದರೆ ಹಾಲುರಾಮೇಶ್ವರಕ್ಕೆ ಬಂದು ಪೂಜೆ ಮಾಡಿಸುತ್ತೇನೆ ಅಂತ ಹರಕೆ ಹೊತ್ತಳು. ಗಣಿತದವಳು ಹರಕೆ ಹೊತ್ತಳೆಂದರೆ ಪರಿಸ್ಥಿತಿ ಎಲ್ಲಿಗೆ ಬಂದಿತ್ತೆಂದು ನೀವೇ ಊಹಿಸಿ. ಡೆಮೊವನ್ನು ಪೂಜೆಯ ಹೊತ್ತಿಗೆ ಇಟ್ಟುಕೊಳ್ಳಿ ಅಂತ ಕೇಳೋಣವೇ ಅಂದೆ. ಏನಂತ ಕೇಳೋದು ಅಕ್ಕಾ ಅಂದಳು. ಅದೂ ಸರಿಯೇ.

ಸೋಮವಾರ ಬಂತು. ಗಿರಣಿ ಫ್ಯಾನಿನ ಸದ್ದಿನಲ್ಲಿ ಪಾಠ ಕೇಳಿಸುವುದಿಲ್ಲ ಅಂತ ಕೊನೆಗೂ ಲ್ಯಾಪ್‌ಟಾಪೇ ಗೆದ್ದಿತು. ನಡುಮನೆಯಲ್ಲಿ ಮೇಜು, ಅದರ ಮೇಲೆ ಲ್ಯಾಪ್‌ಟಾಪು, ಬೆನ್ನಿಗೆ ಹಿಟ್ಟಿನ ಡಬ್ಬಿ. ವೀಣಾ ಮದುವೆಗೆ ಮುಂಚೆ ಶಾಲೆಗೆ ಉಟ್ಟು ಹೋಗುತ್ತಿದ್ದ ನೀಲಿ ಕಾಟನ್ ಸೀರೆ ಉಟ್ಟಿದ್ದಳು. ಪಕ್ಕದ ತಟ್ಟೆಯಲ್ಲಿ ಚಪಾತಿಗಳು. ಭಿನ್ನರಾಶಿ ಹೇಳಿಕೊಡಲು. ಹನ್ನೊಂದಕ್ಕೆ ವೈಫೈ ಒಂದು ಕಡ್ಡಿ ತೋರಿಸಿತು, ಅದನ್ನೇ ನಂಬಿಕೊಂಡೆವು.

ಶುರುವಾಯಿತು. ಆ ಕಡೆ ಒಬ್ಬ ಮೇಡಂ, ನಾಲ್ಕಾರು ಮಕ್ಕಳು. ವೀಣಾ ಒಂದು ಚಪಾತಿ ಎತ್ತಿ ತೋರಿಸಿ, ಮನೆಗೆ ಮೂರು ಜನ ನೆಂಟರು ಬಂದರು, ಚಪಾತಿ ಒಂದೇ ಇದೆ, ಏನು ಮಾಡೋಣ ಅಂತ ಕೇಳಿದಳು. ಒಂದು ಮಗು ಏನೋ ಹೇಳಿತು. ಅರ್ಧಕ್ಕೇ ತುಂಡಾಯಿತು. ಆಮೇಲೆ ಎಲ್ಲರೂ ಕಲ್ಲಾದರು. ಹಲೋ, ಕೇಳಿಸ್ತಿದೆಯಾ ಅಂದಳು ವೀಣಾ. ಮೇಡಮ್ಮಿನ ದನಿ ಚೂರು ಚೂರಾಗಿ ಬಂತು. ನಿಮ್ಮದು ಹೀಗೇ ಆದರೆ ಕಷ್ಟ ಅನ್ನುವುದಷ್ಟೇ ನಮಗೆ ತಿಳಿಯಿತು.

ವೀಣಾಳ ಕೈಯಲ್ಲಿ ಚಪಾತಿ ಇನ್ನೂ ಎತ್ತಿದ ಹಾಗೇ ಇತ್ತು. ಕಣ್ಣು ತುಂಬಿತ್ತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆ ಸರಕ್ಕನೆ ಒಳಗೆ ಹೋದರು. ನಾನು ಚಪ್ಪಲಿ ಸ್ಟ್ಯಾಂಡಿಗೆ ಓಡಿದೆ. ಏನು ಮಾಡಬೇಕೆಂದು ಗೊತ್ತಿರಲಿಲ್ಲ, ಆ ಡಬ್ಬಿಗೆ ಎರಡು ಬಿಗಿಯಬೇಕು ಅನಿಸಿತ್ತು, ಅಷ್ಟೇ. ಬಟ್ಟೆ ಎಳೆದೆ. ಬುಟ್ಟಿ ಎತ್ತಿದೆ.

ಬುಟ್ಟಿಯ ಕೆಳಗೆ ಏನೂ ಇರಲಿಲ್ಲ.

ಅದೇ ಗಳಿಗೆಯಲ್ಲಿ ಒಳಗಿನಿಂದ ಗಂಟೆಗಳು ಘಲ್ ಅಂದವು. ನಮ್ಮ ದೇವರ ಗೂಡಿನ ಬಾಗಿಲಿಗೆ ಗಂಟೆಗಳಿವೆ. ಗೋಡೆಯ ದಪ್ಪದಲ್ಲೇ ಕೊರೆದ ಆಳದ ಗೂಡು, ಅದಕ್ಕೆ ಹಿತ್ತಾಳೆ ತಗಡು ಹೊದಿಸಿದ ಎರಡು ಬಾಗಿಲು. ಗಂಟೆ ಅಂದಿದ್ದೂ, ನಡುಮನೆಯಲ್ಲಿ ಮಕ್ಕಳ ದನಿ ಗಲಗಲ ಅಂದಿದ್ದೂ ಒಟ್ಟಿಗೇ ಆಯಿತು. ನೆಟ್ ಬಂದಿತ್ತು.

ಒಳಗೆ ಹೋದೆ. ಹುಡುಗಿ ಒದ್ದಾಡುತ್ತಿದ್ದಾಳೆ ಅಂತ ಅತ್ತೆ ಹೊತ್ತಲ್ಲದ ಹೊತ್ತಿನಲ್ಲಿ ದೀಪ ಹಚ್ಚುತ್ತಿದ್ದರು. ಗೂಡಿನೊಳಗೆ ಲಕ್ಷ್ಮಿಯ ಪಟ, ಪಟದ ಪಕ್ಕ ನಮ್ಮ ವೈಫೈ ಡಬ್ಬಿ. ಆಂಟೆನಾದ ಎರಡೂ ಕೊಂಬಿಗೆ ಕುಂಕುಮ, ಕುತ್ತಿಗೆಗೆ ಒಣಗಿದ ಚೆಂಡುಹೂವಿನ ಸರ. ಮಿಣಮಿಣ ಅಂತ ಹಸಿರು ದೀಪ.

"ಅತ್ತೆ, ಇದು ಇಲ್ಲಿಗೆ ಹೆಂಗೆ ಬಂತು?"

ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಆಯುಧಪೂಜೆ ಮಾಡಿದ್ದನ್ನ ತಗಂಡೋಗಿ ಚಪ್ಲಿ ಮೇಲೆ ಇಡ್ತಾರೇನೇ?" ಅಂದರು.

ಇಡುವುದಿಲ್ಲ. ಒಪ್ಪಲೇಬೇಕಾದ ಮಾತು. ಹಬ್ಬದ ದಿನ ಅಂಗಡಿಯ ಸ್ಪಾನರ್, ಮಿಕ್ಸಿ, ಎರಡು ಕಂಪ್ಯೂಟರು, ಈ ಡಬ್ಬಿ ಎಲ್ಲಕ್ಕೂ ಪೂಜೆಯಾಗಿತ್ತು. ಮಿಕ್ಕವೆಲ್ಲ ವಾಪಸ್ ತಮ್ಮ ಜಾಗಕ್ಕೆ ಹೋದವು. ಇದರ ಜಾಗ ಮಾತ್ರ ಚಪ್ಪಲಿಯ ಮೇಲೆ. ಅತ್ತೆ ಯೋಚನೆ ಮಾಡಿದ್ದಾರೆ. ವೈರು ದೇವರ ಮನೆಯ ಗವಾಕ್ಷಿಯಿಂದಲೇ ಒಳಗೆ ಬರುತ್ತದೆ, ಎಳೆದರೆ ಸಾಕು. ಸೀರಿಯಲ್ ಲೈಟಿನ ಪ್ಲಗ್ಗು ಅಲ್ಲೇ ಇದೆ. ಇಟ್ಟುಬಿಟ್ಟಿದ್ದಾರೆ. ಎಣ್ಣೆ ಬೇಡ, ಬತ್ತಿ ಬೇಡ, ಆರದ ಹಸಿರು ದೀಪ, ದೇವರಿಗೆ ಚೆನ್ನಾಗಿ ಒಪ್ಪುತ್ತದೆ ಅಂತ ಅವರಿಗೆ ಸಂತೋಷವೇ ಆಗಿದೆ. ಬುಟ್ಟಿ, ಬಟ್ಟೆಯನ್ನು ಅವುಗಳ ಜಾಗದಲ್ಲೇ ಅಚ್ಚುಕಟ್ಟಾಗಿ ಬಿಟ್ಟಿದ್ದಾರೆ.

ದಿನವೂ ನಾವು ವೈಫೈ, ವೈಫೈ ಅಂತ ಬಾಯಿ ಬಡಿದುಕೊಂಡಿದ್ದು ಅವರಿಗೆ ಕೇಳಿಸಿತ್ತು. ಈ ಡಬ್ಬಿಯೇ ಅದು ಅಂತ ಗೊತ್ತಿರಲಿಲ್ಲ. ಸಹಾಯವಾಣಿಯವರನ್ನು ಕೇಳಿದೆವು, ಹೊಳಲ್ಕೆರೆಯವರನ್ನು ಕೇಳಿದೆವು, ಅತ್ತೆಯನ್ನು ಯಾರು ಕೇಳಿದರು?

ನಾನು ಇದನ್ನೆಲ್ಲ ನಿಂತು ಜೋಡಿಸುವಷ್ಟರಲ್ಲಿ ಅತ್ತೆ ಕೈ ಮುಗಿದು ಎದ್ದರು. ಎದ್ದವರ ಹಿಂದೆಯೇ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಚೌಕಟ್ಟು ವಾಲಿದೆ, ಹಿಡಿಯದಿದ್ದರೆ ನಿಲ್ಲುವುದಿಲ್ಲ. ನಡುಮನೆಯಲ್ಲಿ ಮಕ್ಕಳ ದನಿ ಮತ್ತೆ ತುಂಡಾಯಿತು. ನಾನು ಹಾರಿ ಬಾಗಿಲು ತೆಗೆದೆ. ದನಿ ಬಂತು.

ಅತ್ತೆ ಬಾಗಿಲನ್ನು ನೋಡಿದರು. ನಡುಮನೆಯ ಕಡೆ ನೋಡಿದರು. ಯಾವ ವಿವರಣೆಯೂ ಬೇಕಾಗಲಿಲ್ಲ.

ಡಬ್ಬಿಯನ್ನು ಹೊರಗೆ ತೆಗೆಯುವ ಹಾಗಿರಲಿಲ್ಲ, ಪ್ಲಗ್ ಕಿತ್ತರೆ ಕ್ಲಾಸೇ ಹೋಗುತ್ತದೆ. ಸ್ಟೂಲ್ ಅಡ್ಡ ಇಡುತ್ತೇನೆ ಅಂದೆ. ಬಾಗಿಲು ಅದಕ್ಕೆ ತಗುಲಿ ಅಲುಗಾಡಿದರೆ ಗಂಟೆ ಸದ್ದಾಗುತ್ತದೆ, ಪಾಠಕ್ಕೆ ತೊಂದರೆ ಅಂದರು ಅತ್ತೆ. ಆಮೇಲೆ ಗೋಡೆಗೆ ಒರಗಿ ನೆಲಕ್ಕೆ ಕೂತರು. ಒಂದೊಂದು ಕೈಯಲ್ಲಿ ಒಂದೊಂದು ಬಾಗಿಲು ಹಿಡಿದುಕೊಂಡರು. ಮಂಡಿ ನೋವಿನ ಹೆಂಗಸು, ಹತ್ತು ನಿಮಿಷ ನೆಲಕ್ಕೆ ಕೂತರೆ ಏಳಲು ಇಬ್ಬರು ಬೇಕು.

"ನೀ ಹೋಗಿ ಅವಳತ್ರ ಇರೇ. ನಾ ಹಿಡ್ಕಂಡಿರ್ತೀನಿ."

ಅಲ್ಲಿಂದ ಕ್ಲಾಸ್ ಮುಗಿಯುವವರೆಗೂ ಒಂದು ಗಂಟೆಯೂ ಸದ್ದು ಮಾಡಲಿಲ್ಲ. ವೀಣಾಳಿಗೆ ಇದ್ಯಾವುದೂ ಗೊತ್ತಿಲ್ಲ. ಅವಳು ಬೇರೆಯೇ ಆಗಿಬಿಟ್ಟಿದ್ದಳು. ಚಪಾತಿ ಕತ್ತರಿಸಿದಳು, ತುಂಡು ಜೋಡಿಸಿದಳು, ಮಕ್ಕಳನ್ನು ನಗಿಸಿದಳು, ಒಬ್ಬ ತಪ್ಪು ಹೇಳಿದಾಗ ಅವನ ತಪ್ಪಿನಲ್ಲೇ ಅರ್ಧ ಸರಿ ಇದೆ ಅಂತ ತೋರಿಸಿದಳು. ಆ ದನಿಯನ್ನು ನಾನು ನಮ್ಮ ಮನೆಯಲ್ಲಿ ಕೇಳಿಯೇ ಇರಲಿಲ್ಲ. ಅತ್ತೆಯೂ ಕೇಳಿರಲಿಲ್ಲ.

ಮುಗಿದ ಮೇಲೆ ಒಳಗೆ ಹೋದರೆ ಅತ್ತೆ ಇನ್ನೂ ಬಾಗಿಲು ಹಿಡಿದುಕೊಂಡೇ ಕೂತಿದ್ದರು. ಕ್ಲಾಸ್ ಆಯಿತು ಬಿಡಿ ಅಂದೆ. ಬಿಡಲಿಲ್ಲ.

"ಇಷ್ಟು ಚೆನ್ನಾಗಿ ಹೇಳ್ಕೊಡ್ತಾಳೆ ಅಂತ ನಂಗ್ಯಾರೂ ಹೇಳ್ಲೇ ಇಲ್ವಲ್ಲೇ," ಅಂದರು. ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ. ನಾನೂ ವೀಣಾಳೂ ಸೇರಿ ಅವರನ್ನು ಎಬ್ಬಿಸಿದೆವು.

ಸಂಜೆ ಪಂಚಾಯ್ತಿ ಸೇರಿತು. ಡಬ್ಬಿ ಹೊರಗೆ ಬರಬೇಕು, ಆದರೆ ಚಪ್ಪಲಿಯ ಮೇಲೆ ಹೋಗಬಾರದು. ಯಜಮಾನರು ತಲೆ ಕೆರೆದುಕೊಂಡರು. ತೀರ್ಪು ಕೊಟ್ಟವರು ಅತ್ತೆಯೇ. ಡಬ್ಬಿ ಅದರ ಜಾಗಕ್ಕೇ ಹೋಗಲಿ, ಚಪ್ಪಲಿಗಳು ಆಚೆ ಹೋಗಲಿ. ಈಗ ನಮ್ಮ ಚಪ್ಪಲಿಗಳು ಜಗುಲಿಯ ಕೆಳಗಿವೆ. (ಯಜಮಾನರ ಎಡಗಾಲಿನದನ್ನು ಬೀದಿ ನಾಯಿ ತಗೊಂಡು ಹೋಗಿದೆ. ಬಲಗಾಲಿನದು ಬೇಕಾದವರು ಬನ್ನಿ.) ಬಾಗಿಲ ಬಳಿ ಗೋಡೆಗೊಂದು ಹಲಗೆ ಹೊಡೆಸಿದ್ದೇವೆ, ಅದರ ಮೇಲೆ ಡಬ್ಬಿ, ಬುಟ್ಟಿಯಿಲ್ಲ, ಬಟ್ಟೆಯಿಲ್ಲ. ಕುಂಕುಮ ಮಾತ್ರ ಅತ್ತೆ ಅಳಿಸಲು ಬಿಟ್ಟಿಲ್ಲ. ಅದಿರಲಿ, ಅದರಿಂದ ಸಿಗ್ನಲ್ಲಿಗೇನೂ ತೊಂದರೆಯಿಲ್ಲ.

ಯೋಚಿಸಿದರೆ ನಗು ಬರುತ್ತದೆ, ಸಂಕಟವೂ ಆಗುತ್ತದೆ. ಚಪ್ಪಲಿಯ ಮೇಲೆ ಇದ್ದಷ್ಟು ದಿನ ಆ ಡಬ್ಬಿ ಮನೆಯವರಿಗೆಲ್ಲ ಕೆಲಸ ಮಾಡಿತು. ಮರ್ಯಾದೆ ಹೆಚ್ಚಾಗಿ ಹಿತ್ತಾಳೆ ಬಾಗಿಲಿನ ಹಿಂದೆ ಹೋದ ಮೇಲೆ ಯಾರ ಕೈಗೂ ಸಿಗದೆ ಹೋಯಿತು. ಡಬ್ಬಿ ಒಂದೇ ಅಲ್ಲ, ಬೀರುವಿನೊಳಗೆ ಕೀಲು ಮುರಿದುಕೊಂಡ ಲ್ಯಾಪ್‌ಟಾಪಿನದೂ ಅದೇ ಕತೆ. ವೀಣಾಳ ಕತೆ ನಾನು ಬೇರೆ ಹೇಳಬೇಕೇ? ನಮ್ಮಲ್ಲಿ ಬೈದು ಕೂರಿಸುವವರಿಗಿಂತ ಕೈ ಮುಗಿದು ಕೂರಿಸುವವರೇ ಜಾಸ್ತಿ. ಬೈದರೆ ಜಗಳವಾದರೂ ಆಡಬಹುದು, ಕೈ ಮುಗಿದವರ ಮೇಲೆ ಯಾವ ಬಾಯಿಂದ ಜಗಳ ಆಡುವುದು?

ವೀಣಾಳಿಗೆ ಕೆಲಸ ಸಿಕ್ಕಿತು. ದಿನಾ ಸಂಜೆ ಕ್ಲಾಸ್. ಲ್ಯಾಪ್‌ಟಾಪಿಗೆ ಹೊಸ ಕೀಲು ಬಂದಿದೆ, ಏಳೂ ಬಂದಿದೆ. ಹಿಟ್ಟಿನ ಡಬ್ಬಿ ಅಡುಗೆಮನೆಗೆ ವಾಪಸ್. ಹಾಲುರಾಮೇಶ್ವರದ ಹರಕೆಗೆ ಬರುವ ಭಾನುವಾರ ಹೋಗಾಣ ಅಂತ ಅತ್ತೆಯೇ ಹೊರಡಿಸಿದ್ದಾರೆ. ಶಾಲೆಯವರು ಮತ್ತೆ ಕರೆದರೆ ಹೋಗುತ್ತೀಯೇನೇ ಅಂತ ಮೊನ್ನೆ ರೊಟ್ಟಿ ತಟ್ಟುತ್ತಾ ಅತ್ತೆ ಅವಳನ್ನು ಕೇಳಿದ್ದೂ ನನ್ನ ಕಿವಿಗೆ ಬಿತ್ತು.

ಕಳೆದ ವಾರ ಮಾಡದಕೆರೆಯಿಂದ ಅತ್ತೆಯ ತಂಗಿ ಬಂದಿದ್ದರು. ಕಾಫಿ ಕುಡಿಯುತ್ತಾ, ಏನೇ ಹೇಳಕ್ಕಾ, ಸೊಸೇರನ್ನ ನೀನು ದೇವರಂಗೆ ಇಟ್ಕಂಡಿದೀಯ ಅಂತ ಹಳೇ ಹೊಗಳಿಕೆಯನ್ನೇ ಹೊಗಳಿದರು.

ಅತ್ತೆ ಲೋಟ ಕೆಳಗಿಟ್ಟರು. "ಹಂಗಿಟ್ರೆ ಸಿಗ್ನಲ್ ಬರಲ್ಲ ಕಣೇ," ಅಂದರು.